ಐದನೆಯ ಬೇಡಿಕೆ

ಮುಂಬೈನ ಲೋವರ್ ಪರೇಲ್, ಲಾಲ್‌ಬಾಗ್, ವರ್ಲಿ ಕಡೆ ಕೆಲಸಕ್ಕೆ ಹೋಗುವ ಕನ್ನಡಿಗರು ಈಗ ಸಾಕಷ್ಟು ಮಂದಿ ಇದ್ದೇವೆ. ನಾವು ಲ್ಯಾಪ್‌ಟಾಪ್ ಬಿಚ್ಚಿ ಕೂರುವ ಗಾಜಿನ ಕಟ್ಟಡಗಳಲ್ಲಿ ಹಲವು ನಿಂತಿರುವುದು ಹಳೆಯ ಹತ್ತಿ ಗಿರಣಿಗಳ ಜಾಗದಲ್ಲಿ. ಮರಾಠಿಗರು ಈ ಸೀಮೆಯನ್ನು ಇಂದಿಗೂ ಗಿರಣಗಾಂವ್ ಎಂದೇ ಕರೆಯುತ್ತಾರೆ. ನಾವು ಶುಕ್ರವಾರ ಸಂಜೆಯಿಂದಲೇ ಕಾಯುವ ವಾರದ ರಜೆ ಈ ಊರಿನ ಗಿರಣಿ ಕಾರ್ಮಿಕರಿಗೆ ಸಿಕ್ಕಿದ್ದು 1890ರ ಜೂನ್ 10ರಂದು. ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರು ನಾರಾಯಣ ಮೇಘಾಜಿ ಲೋಖಂಡೆ. ಭಾರತದ ಕಾರ್ಮಿಕ ಚಳವಳಿಯ ಜನಕ ಎಂದು ಅವರನ್ನು ಕರೆಯುವುದುಂಟು.

ರಜೆಯ ಕತೆಯನ್ನು ಮೇ ದಿನದ ಭಾಷಣಗಳಲ್ಲಿ ಹಲವರು ಕೇಳಿರುತ್ತಾರೆ. ಆದರೆ ಲೋಖಂಡೆಯವರು ಸರಕಾರದ ಮುಂದಿಟ್ಟದ್ದು ಐದು ಬೇಡಿಕೆಗಳನ್ನು. ರಜೆ ಅದರಲ್ಲಿ ಮೊದಲನೆಯದು. ಐದನೆಯದು, ಕೆಲಸದಲ್ಲಿ ಪೆಟ್ಟು ತಿಂದು ಮನೆ ಸೇರಿದ ಕಾರ್ಮಿಕನ ಹೊಟ್ಟೆಪಾಡಿನ ಕುರಿತಾದದ್ದು. ಅವರ ಬದುಕನ್ನು ಆ ಐದನೆಯ ಬೇಡಿಕೆಯ ಕಡೆಯಿಂದ ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ.

ಲೋಖಂಡೆ ಹುಟ್ಟಿದ್ದು 1848ರಲ್ಲಿ, ಠಾಣೆಯಲ್ಲಿ. ಮನೆತನ ಪುಣೆ ಜಿಲ್ಲೆಯ ಕನ್ಹೇರಸರ ಕಡೆಯದು. ಹೂವು ತರಕಾರಿ ಬೆಳೆಯುವ ಮಾಳಿ ಸಮುದಾಯದವರು. ಮರಾಠಿಯಲ್ಲಿ ಲೋಖಂಡ್ ಎಂದರೆ ಕಬ್ಬಿಣ. ಹೆಸರು ಅವರಿಗೆ ಒಪ್ಪುವಂತಿತ್ತು. ಮೆಟ್ರಿಕ್‌ವರೆಗಿನ ಓದು ಮುಗಿಸಿ ಮೊದಲು ರೈಲ್ವೆಯಲ್ಲಿ, ಆಮೇಲೆ ಅಂಚೆ ಇಲಾಖೆಯಲ್ಲಿ ನೌಕರಿ ಮಾಡಿದರು. ಬಳಿಕ ಮುಂಬೈನ ಮಾಂಡವಿ ಮಿಲ್ಲಿನಲ್ಲಿ ಸ್ಟೋರ್‌ಕೀಪರ್ ಆದರು. ಅವರ ಬದುಕಿನ ದಿಕ್ಕು ಬದಲಾಗಿದ್ದು ಅಲ್ಲಿ.

ಕಾರ್ಖಾನೆಯಲ್ಲಿ ಕೆಲಸ ಮಾಡಿದವರಿಗೆ ಸ್ಟೋರ್ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಯಂತ್ರದ ಯಾವ ಭಾಗ ಸವೆದರೂ, ಮುರಿದರೂ, ಹರಿದರೂ ಬದಲಿ ಸಾಮಾನಿಗಾಗಿ ಎಲ್ಲರೂ ಬರುವುದು ಅಲ್ಲಿಗೇ. ಯಾವ ಖಾತೆಯಲ್ಲಿ ಏನು ಒಡೆಯುತ್ತಿದೆ, ಎಷ್ಟು ಸಲ ಒಡೆಯುತ್ತಿದೆ ಎಂಬ ಲೆಕ್ಕ ಮಾಲೀಕನಿಗಿಂತ ಮೊದಲು ಗೊತ್ತಾಗುವುದು ಸ್ಟೋರ್‌ಕೀಪರನಿಗೆ. ಆ ಕಾಲದ ಗಿರಣಿಯಲ್ಲಿ ಒಡೆಯುವುದಕ್ಕೆ, ಬೀಳುವುದಕ್ಕೆ, ಹಾರುವುದಕ್ಕೆ ಕಡಿಮೆ ಇರಲಿಲ್ಲ.

ಒಂದೇ ಉಗಿಯಂತ್ರ ಇಡೀ ಗಿರಣಿಯನ್ನು ಓಡಿಸುತ್ತಿತ್ತು. ಮೇಲೆ ತೊಲೆಗಳ ಉದ್ದಕ್ಕೂ ಕಬ್ಬಿಣದ ಉದ್ದನೆಯ ದಂಡ ಗಿರಗಿರನೆ ತಿರುಗುವುದು. ಅದರಿಂದ ಒಂದೊಂದು ಯಂತ್ರಕ್ಕೂ ಚರ್ಮದ ಪಟ್ಟಿ ಇಳಿದು ಬರುವುದು. ಓಟದಲ್ಲಿರುವ ಪಟ್ಟಿ ಹರಿದರೆ ಚಾಟಿಯಂತೆ ಬೀಸುತ್ತದೆ. ತೆರೆದಿದ್ದ ಗಾಲಿಗೆ ಧೋತರದ ಚುಂಗೋ ಸೀರೆಯ ಸೆರಗೋ ಸಿಕ್ಕಿದರೆ ಮನುಷ್ಯನನ್ನೇ ಎಳೆದುಕೊಳ್ಳುತ್ತದೆ. ಮಗ್ಗದ ಖಾತೆಯಲ್ಲಿ ಲಾಳಿಯ ಭಯ. ಎರಡೂ ತುದಿಗೆ ಲೋಹದ ಮೊನೆಯಿರುವ ಈ ಮರದ ತುಂಡನ್ನು ಮಗ್ಗ ನಿಮಿಷಕ್ಕೆ ನೂರಾರು ಸಲ ಆಚೀಚೆ ಹೊಡೆಯುತ್ತಿರುತ್ತದೆ. ಹಾಸಿನ ನೂಲು ಸಿಕ್ಕುಗಟ್ಟಿದರೆ, ಯಂತ್ರದ ಹೊಂದಾಣಿಕೆ ಸ್ವಲ್ಪ ತಪ್ಪಿದರೆ, ಲಾಳಿ ಮಗ್ಗದಿಂದ ಹೊರಕ್ಕೆ ಚಿಮ್ಮಿ ಎದುರಿಗೆ ನಿಂತವರ ಮುಖಕ್ಕೆ ಬಡಿಯುತ್ತದೆ. ಕಣ್ಣು ಹೋದರೆ ಹೋಯಿತು. ಗೋದಾಮಿನಲ್ಲಿ ಒತ್ತಿ ಕಟ್ಟಿದ ಹತ್ತಿಯ ಬೇಲುಗಳು ಒಂದೊಂದೂ 150 ಕಿಲೋಗಿಂತ ಹೆಚ್ಚು ತೂಗುತ್ತವೆ. ಒಟ್ಟಿದ ಸಾಲು ಜಾರಿದರೆ ಕೆಳಗಿದ್ದವರ ಗತಿ ಹೇಳುವುದು ಬೇಡ.

ಇಂಥ ಪೆಟ್ಟು ತಿಂದವನಿಗೆ ಏನಾಗುತ್ತಿತ್ತು? ಬೆಳಿಗ್ಗೆ ಗಿರಣಿಯ ಬಾಗಿಲಲ್ಲಿ ಬದಲಿ ಕೆಲಸಗಾರರ ಗುಂಪು ಕಾದಿರುತ್ತಿತ್ತು. ಜಾಬರ್ ಅವರಲ್ಲೊಬ್ಬನನ್ನು ಒಳಗೆ ಕರೆದರೆ ಮಗ್ಗ ಮತ್ತೆ ಓಡುತ್ತಿತ್ತು. ಗಾಯಗೊಂಡವನ ಕೂಲಿ ಅವತ್ತಿಗೆ ನಿಲ್ಲುತ್ತಿತ್ತು. ಬಾಡಿಗೆ ಖೋಲಿಯಲ್ಲಿ ಬಹಳ ದಿನ ಇರಲಾಗದೆ ಕೊಂಕಣದ್ದೋ ಘಟ್ಟದ ಮೇಲಿನದ್ದೋ ತನ್ನ ಹಳ್ಳಿಗೆ ಮರಳುವುದೊಂದೇ ಅವನಿಗೆ ಉಳಿದ ದಾರಿ. ಮಾಲೀಕರು ದೊಡ್ಡ ಮನಸ್ಸು ಮಾಡಿ ಏನಾದರೂ ಕೊಟ್ಟರೆ ಅದು ದಾನ, ಹಕ್ಕಲ್ಲ.

ಕೋರ್ಟಿಗೆ ಹೋಗಬಹುದಿತ್ತಲ್ಲ ಎನ್ನಬಹುದು. ಸತ್ತವರ ಮನೆಯವರು ಪರಿಹಾರ ಕೇಳಲು 1855ರಲ್ಲೇ ಒಂದು ಕಾಯಿದೆ ಬಂದಿತ್ತು. ಆದರೆ ತಪ್ಪು ಮಾಲೀಕರದ್ದೇ ಎಂದು ಸಾಬೀತು ಮಾಡುವ ಹೊರೆ ಬಡವರ ಮೇಲಿತ್ತು. ಇಂಗ್ಲೆಂಡಿನ ನ್ಯಾಯಾಲಯಗಳು ಬೆಳೆಸಿದ್ದ ಮೂರು ವಾದಗಳು ಮಾಲೀಕರಿಗೆ ಗುರಾಣಿಯಂತಿದ್ದವು. ಅವಘಡ ಜೊತೆ ಕೆಲಸಗಾರನಿಂದಾದರೆ ಮಾಲೀಕ ಹೊಣೆಯಲ್ಲ. ಅಪಾಯ ಗೊತ್ತಿದ್ದೇ ಕೆಲಸಕ್ಕೆ ಸೇರಿದ್ದರಿಂದ ದೂರುವಂತಿಲ್ಲ. ಗಾಯಗೊಂಡವನದೇ ತುಸು ಅಜಾಗರೂಕತೆ ಇದ್ದರೂ ಪರಿಹಾರವಿಲ್ಲ. ಈ ಮೂರನ್ನೂ ದಾಟಿ ಗೆಲ್ಲುವ ಗಿರಣಿ ಕೂಲಿಯನ್ನು ಊಹಿಸಿಕೊಳ್ಳುವುದೂ ಕಷ್ಟ.

ಲೋಖಂಡೆ ಈ ಲೋಕವನ್ನು ಒಳಗಿನಿಂದ ಬಲ್ಲವರಾಗಿದ್ದರು. ಅದರ ಜೊತೆಗೆ ಅವರಿಗೊಂದು ವಿಚಾರದ ಬಲವೂ ಇತ್ತು. ಜೋತಿರಾವ್ ಫುಲೆ 1873ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಸತ್ಯಶೋಧಕ ಸಮಾಜದ ಕಾರ್ಯಕರ್ತರಾಗಿದ್ದರು ಅವರು. ಆ ಸಮಾಜದ ಮಾತುಗಳನ್ನು ಜನರಿಗೆ ಮುಟ್ಟಿಸಲು ಕೃಷ್ಣರಾವ್ ಭಾಲೇಕರ್ 1877ರಲ್ಲಿ ಪುಣೆಯಲ್ಲಿ ದೀನಬಂಧು ಎಂಬ ಪತ್ರಿಕೆ ಶುರುಮಾಡಿದ್ದರು. ದುಡ್ಡಿನ ಮುಗ್ಗಟ್ಟಿನಿಂದ ಅದು ನಿಲ್ಲುವ ಹಂತಕ್ಕೆ ಬಂದಾಗ 1880ರಲ್ಲಿ ಲೋಖಂಡೆ ಅದನ್ನು ಮುಂಬೈಗೆ ತಂದು ನಡೆಸಿದರು. ಗಿರಣಿಯ ನೌಕರಿ ಬಿಟ್ಟು ಪೂರ್ತಿ ಸಂಪಾದಕರಾದರು. ತಿಂಗಳ ಸಂಬಳ ಬಿಟ್ಟು ಬಡವರ ಪತ್ರಿಕೆ ನಡೆಸುವುದು ಎಂಥ ನಿರ್ಧಾರ ಎಂಬುದು ತಿಂಗಳ ಕಂತು ಕಟ್ಟುವ ನಮಗೆ ಚೆನ್ನಾಗಿ ಗೊತ್ತು.

ಆ ಹೊತ್ತಿಗೆ ದೇಶದ ಮೊದಲ ಕಾರ್ಖಾನೆ ಕಾಯಿದೆ ಸಿದ್ಧವಾಗುತ್ತಿತ್ತು. ಮುಂಬೈನ ಪಾರ್ಸಿ ಸುಧಾರಕ ಸೊರಾಬ್‌ಜಿ ಶಾಪುರ್‌ಜಿ ಬೆಂಗಾಲಿ ಅದಕ್ಕಾಗಿ ಬಹಳ ಓಡಾಡಿದ್ದರು. 1881ರಲ್ಲಿ ಕಾಯಿದೆ ಬಂತು. 7 ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ದುಡಿಸುವಂತಿಲ್ಲ. 12 ವರ್ಷದೊಳಗಿನವರಿಗೆ ದಿನಕ್ಕೆ 9 ಗಂಟೆಯ ಮಿತಿ. ಅಪಾಯದ ಯಂತ್ರಗಳಿಗೆ ಬೇಲಿ ಹಾಕಬೇಕು. ಅವಘಡವಾದರೆ ವರದಿ ಕೊಡಬೇಕು. ಅದೂ 100 ಜನಕ್ಕಿಂತ ಕಡಿಮೆ ಇರುವ ಕಾರ್ಖಾನೆಗೆ ಅನ್ವಯಿಸದು. ದೊಡ್ಡವರ ಕೆಲಸದ ಅವಧಿಯ ಬಗ್ಗೆ ಒಂದು ಮಾತೂ ಇರಲಿಲ್ಲ. ಅವಘಡದ ವರದಿ ಸರಕಾರಕ್ಕೆ ಹೋಗುತ್ತಿತ್ತು, ಗಾಯಗೊಂಡವನ ಮನೆಗೆ ಮಾತ್ರ ಏನೂ ಹೋಗುತ್ತಿರಲಿಲ್ಲ.

1884ರಲ್ಲಿ ಮುಂಬೈ ಸರಕಾರ ಈ ಕಾಯಿದೆಯನ್ನು ಪರಿಶೀಲಿಸಲು ಒಂದು ಆಯೋಗ ನೇಮಿಸಿತು. ಲೋಖಂಡೆ ಇದೇ ಸಮಯವೆಂದು ಎದ್ದರು. ಸೆಪ್ಟೆಂಬರ್ ಕೊನೆಯಲ್ಲಿ ಪರೇಲ್‌ನ ಸುಪಾರಿಬಾಗ್‌ನಲ್ಲಿ ಗಿರಣಿ ಕಾರ್ಮಿಕರ ಸಭೆ ಕರೆದರು. ಬಾಂಬೆ ಮಿಲ್ ಹ್ಯಾಂಡ್ಸ್ ಅಸೋಸಿಯೇಷನ್ ರೂಪುಗೊಂಡದ್ದು ಈ ದಿನಗಳಲ್ಲಿ. ಸಭೆಯಲ್ಲಿ ತಯಾರಾದ ಮನವಿಗೆ ಸುಮಾರು 5,500 ಕಾರ್ಮಿಕರು ಸಹಿ ಹಾಕಿದರು. ಅವರಲ್ಲಿ ಹೆಚ್ಚಿನವರಿಗೆ ಅಕ್ಷರ ಬಾರದ ಕಾಲವದು.

ಮನವಿಯಲ್ಲಿ ಐದು ಅಂಶಗಳಿದ್ದವು. ಭಾನುವಾರ ಪೂರ್ತಿ ರಜೆ ಕೊಡಬೇಕು. ಮಧ್ಯಾಹ್ನ ಅರ್ಧ ಗಂಟೆ ಬಿಡುವು ಬೇಕು. ಬೆಳಿಗ್ಗೆ ಆರೂವರೆಗೆ ಕೆಲಸ ಶುರುವಾಗಿ ಸೂರ್ಯ ಮುಳುಗುವಾಗ ಮುಗಿಯಬೇಕು. ಒಂದು ತಿಂಗಳ ಸಂಬಳ ಮುಂದಿನ ತಿಂಗಳ 15ರೊಳಗೆ ಕೈಸೇರಬೇಕು. ಕೊನೆಯದಾಗಿ, ಕೆಲಸ ಮಾಡುವಾಗ ಗಂಭೀರವಾಗಿ ಗಾಯಗೊಂಡ ಕಾರ್ಮಿಕನಿಗೆ ಗುಣವಾಗುವವರೆಗೂ ಪೂರ್ತಿ ಸಂಬಳ ಸಿಗಬೇಕು. ಜೀವಮಾನಕ್ಕೆ ಅಂಗವಿಕಲನಾದರೆ ಅವನ ಜೀವನೋಪಾಯಕ್ಕೆ ತಕ್ಕ ಏರ್ಪಾಡು ಆಗಬೇಕು.

ಈ ಐದನೆಯದರಲ್ಲಿ ತಪ್ಪು ಯಾರದ್ದೆಂಬ ಪ್ರಶ್ನೆಯೇ ಇಲ್ಲ ಎಂಬುದನ್ನು ಗಮನಿಸಿ. ಮಾಲೀಕರ ಅಸಡ್ಡೆಯಿಂದ ಗಾಯವಾದರೆ ಎಂದು ಅವರು ಷರತ್ತು ಹಾಕಲಿಲ್ಲ. ಕೆಲಸದಲ್ಲಿ ಗಾಯವಾಯಿತೇ, ಸಂಬಳ ಕೊಡಿ, ಅಷ್ಟೇ. ನಮ್ಮ ಸಾಫ್ಟ್‌ವೇರ್ ಕಂಪನಿಗಳಲ್ಲಿ ಸರ್ವರ್ ಕುಸಿದಾಗ ಮೊದಲು ವ್ಯವಸ್ಥೆಯನ್ನು ಎತ್ತಿ ನಿಲ್ಲಿಸಿ, ಯಾರ ಮೇಲೂ ಬೆರಳು ತೋರಿಸದೆ ಕಾರಣ ಹುಡುಕುವ ಪದ್ಧತಿ ಈಚಿನದು. ಸಾವಿರಾರು ಯಂತ್ರ ಓಡುವ ಕಡೆ ಅವಘಡ ಆಗಿಯೇ ಆಗುತ್ತದೆ, ಅದರ ಖರ್ಚು ಉತ್ಪಾದನೆಯ ಖರ್ಚಿನಲ್ಲಿ ಸೇರಬೇಕು ಎಂಬ ತಿಳಿವಳಿಕೆ ಆ ಬೇಡಿಕೆಯ ಹಿಂದಿದೆ.

ಅದೇ ವರ್ಷ, 1884ರ ಜುಲೈನಲ್ಲಿ, ಬಿಸ್ಮಾರ್ಕ್‌ನ ಜರ್ಮನಿ ಅಪಘಾತ ವಿಮೆಯ ಕಾನೂನು ಮಾಡಿತ್ತು. ತಪ್ಪು ಯಾರದ್ದೇ ಇರಲಿ, ಮಾಲೀಕರೆಲ್ಲ ಸೇರಿ ಕಟ್ಟಿದ ನಿಧಿಯಿಂದ ಗಾಯಾಳುವಿಗೆ ಹಣ ಎಂಬ ವ್ಯವಸ್ಥೆ. ಪೂರ್ತಿ ದುಡಿಯಲಾಗದವನಿಗೆ ಸಂಬಳದ ಮೂರನೇ ಎರಡು ಭಾಗ. ಅಲ್ಲಿ ಅದು ಚಕ್ರಾಧಿಪತ್ಯದ ಕಾನೂನಾಯಿತು. ಎರಡು ತಿಂಗಳ ಬಳಿಕ ಪರೇಲ್‌ನ ಬಯಲಲ್ಲಿ ಒಬ್ಬ ಮಾಜಿ ಸ್ಟೋರ್‌ಕೀಪರ್ ಕೇಳಿದ್ದು ಅದಕ್ಕಿಂತ ಹೆಚ್ಚನ್ನು, ಗುಣವಾಗುವವರೆಗೆ ಪೂರ್ತಿ ಸಂಬಳವನ್ನು. ಆದರೆ ಅವರ ಹಿಂದೆ ಸರಕಾರವಾಗಲಿ ನಿಧಿಯಾಗಲಿ ಇರಲಿಲ್ಲ. ಅಸೋಸಿಯೇಷನ್‌ಗೆ ಸದಸ್ಯರ ಪಟ್ಟಿ, ವಂತಿಗೆ, ನಿಯಮಾವಳಿ ಯಾವುದೂ ಇಲ್ಲವೆಂದು ಮುಂದೆ ಸರಕಾರಿ ವರದಿಯೊಂದರಲ್ಲಿ ದಾಖಲಾಯಿತು. ಲೋಖಂಡೆ ಕಾರ್ಮಿಕರಿಗೆ ಪುಕ್ಕಟೆ ಸಲಹೆಗಾರರಂತಿದ್ದರು. ಇಂದಿನ ಅರ್ಥದಲ್ಲಿ ಅದು ಯೂನಿಯನ್ ಅಲ್ಲವೆಂದು ಇತಿಹಾಸಕಾರರು ಹೇಳುವುದು ಇದೇ ಕಾರಣಕ್ಕೆ.

ಅವರ ಸ್ಥಿತಿ ಇನ್ನೊಂದು ಬಗೆಯಲ್ಲೂ ಇಕ್ಕಟ್ಟಿನದಾಗಿತ್ತು. ಭಾರತದ ಗಿರಣಿಗಳಿಗೆ ಕಟ್ಟುನಿಟ್ಟಿನ ಕಾಯಿದೆ ಬೇಕೆಂದು ಇಂಗ್ಲೆಂಡಿನ ಲ್ಯಾಂಕಶೈರ್‌ನ ಗಿರಣಿ ಮಾಲೀಕರೂ ಒತ್ತಾಯಿಸುತ್ತಿದ್ದರು. ಅವರಿಗೆ ಮುಂಬೈನ ಅಗ್ಗದ ನೂಲಿನ ಪೈಪೋಟಿ ತಪ್ಪಬೇಕಿತ್ತು. ಹೀಗಾಗಿ ಇಲ್ಲಿನ ಹಲವು ರಾಷ್ಟ್ರೀಯವಾದಿ ಪತ್ರಿಕೆಗಳು ಕಾರ್ಖಾನೆ ಕಾಯಿದೆಯನ್ನು ದೇಶದ ಉದ್ಯಮದ ವಿರುದ್ಧದ ಹುನ್ನಾರವೆಂದು ವಿರೋಧಿಸಿದವು. ಆ ಅನುಮಾನದಲ್ಲಿ ಸತ್ಯವೂ ಇತ್ತು. ಆದರೆ ಲಾಳಿ ಬಡಿದು ಕಣ್ಣು ಕಳೆದುಕೊಂಡವನಿಗೆ ಗಿರಣಿ ಸ್ವದೇಶಿಯೋ ವಿದೇಶಿಯೋ ಎಂಬುದರಿಂದ ಏನೂ ವ್ಯತ್ಯಾಸವಾಗುತ್ತಿರಲಿಲ್ಲ. ದೀನಬಂಧು ಅವನ ಪಕ್ಷ ಬಿಡಲಿಲ್ಲ.

1884ರ ಆಯೋಗದಿಂದ ತಕ್ಷಣಕ್ಕೆ ಏನೂ ದಕ್ಕಲಿಲ್ಲ. ಲೋಖಂಡೆ ಪಟ್ಟು ಸಡಿಲಿಸಲಿಲ್ಲ. 1889ರಲ್ಲಿ ಮತ್ತೆ ಮನವಿ ಹೋಯಿತು. 1890ರ ಏಪ್ರಿಲ್ 24ರಂದು ಮಹಾಲಕ್ಷ್ಮಿಯ ಬಯಲಿನಲ್ಲಿ ಸುಮಾರು 10,000 ಕಾರ್ಮಿಕರು ಸೇರಿದರು. ಇಬ್ಬರು ಕಾರ್ಮಿಕ ಮಹಿಳೆಯರು ವೇದಿಕೆಯಲ್ಲಿ ನಿಂತು ಮಾತನಾಡಿದರು. ಮನೆಯ ಹೆಣ್ಣುಮಕ್ಕಳು ಹೊರಗೆ ಬಂದು ಮಾತನಾಡುವುದೇ ಅಪರೂಪವಾಗಿದ್ದ ದಿನಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಜೂನ್ 10ರಂದು ಗಿರಣಿ ಮಾಲೀಕರ ಸಂಘ ವಾರದ ರಜೆಗೆ ಒಪ್ಪಿತು. ಅದೇ ವರ್ಷ ನೇಮಕವಾದ ಕಾರ್ಖಾನೆ ಕಾರ್ಮಿಕರ ಆಯೋಗಕ್ಕೆ ಲೋಖಂಡೆ ನೆರವಾದರು. 1891ರ ಹೊಸ ಕಾಯಿದೆಯಲ್ಲಿ ವಾರದ ರಜೆ, ಮಧ್ಯಾಹ್ನದ ಅರ್ಧ ಗಂಟೆ ಬಿಡುವು ಎರಡೂ ಸೇರಿದವು. ಹೆಂಗಸರಿಗೆ ದಿನಕ್ಕೆ 11 ಗಂಟೆಯ ಮಿತಿ ಬಂತು. 50 ಜನರಿರುವ ಕಾರ್ಖಾನೆಯೂ ಅದರಡಿ ಬಂತು. ಆಗ ಬೆಳಗಾವಿ, ಧಾರವಾಡ ಸೀಮೆಗಳು ಮುಂಬೈ ಪ್ರಾಂತದಲ್ಲೇ ಇದ್ದುದರಿಂದ ಗೋಕಾಕ ಜಲಪಾತದ ಪಕ್ಕದ ನೂಲಿನ ಗಿರಣಿಯ ನಮ್ಮವರಿಗೂ ಈ ಕಾಯಿದೆಯೇ ಆಧಾರವಾಯಿತು.

ಐದರಲ್ಲಿ ಎರಡು ಕೈಗೂಡಿದವು. ಗಾಯಾಳುವಿನ ಸಂಬಳದ ಮಾತು ಕಾಯಿದೆಯಲ್ಲಿ ಬರಲಿಲ್ಲ.

ಲೋಖಂಡೆಯವರ ಕೆಲಸ ಗಿರಣಿಯ ಗೇಟಿಗೆ ನಿಲ್ಲಲಿಲ್ಲ. ವಿಧವೆಯರ ತಲೆ ಬೋಳಿಸುವ ಪದ್ಧತಿಯ ವಿರುದ್ಧ ಮುಂಬೈನ ಕ್ಷೌರಿಕರನ್ನು ಸಂಘಟಿಸಿದರು. ಇನ್ನು ಆ ಕೆಲಸಕ್ಕೆ ಕತ್ತಿ ಹಿಡಿಯುವುದಿಲ್ಲವೆಂದು ಅವರು ತೀರ್ಮಾನಿಸಿದರು. 1893ರ ಆಗಸ್ಟಿನಲ್ಲಿ ಮುಂಬೈನಲ್ಲಿ ಹಿಂದೂ ಮುಸ್ಲಿಂ ಗಲಭೆಯಾದಾಗ ಎರಡೂ ಕಡೆಯ ಕಾರ್ಮಿಕರನ್ನು ರಾಣಿ ಬಾಗ್‌ನಲ್ಲಿ ಒಟ್ಟು ಸೇರಿಸಿ ಶಾಂತಿಗೆ ಯತ್ನಿಸಿದರು. ಸರಕಾರ ಅವರಿಗೆ ರಾವ್ ಬಹಾದೂರ್ ಪದವಿ ಕೊಟ್ಟಿತು.

1896ರ ಸೆಪ್ಟೆಂಬರಿನಲ್ಲಿ ಮುಂಬೈಗೆ ಪ್ಲೇಗು ಬಂತು. ಜನ ಗುಳೆ ಎದ್ದರು. ಹಡಗು, ರೈಲು, ಎತ್ತಿನ ಗಾಡಿ, ಸಿಕ್ಕಿದ್ದರಲ್ಲಿ ಊರು ಬಿಟ್ಟರು. ಗಿರಣಿಗಳು ಆಳಿಲ್ಲದೆ ಭಣಗುಟ್ಟಿದವು. ಲೋಖಂಡೆ ಉಳಿದರು. ರೋಗಿಗಳಿಗಾಗಿ ಮರಾಠಾ ಆಸ್ಪತ್ರೆ ತೆರೆಯಲು ಮುಂದಾದರು. ರೋಗಿಗಳ ನಡುವೆ ಓಡಾಡುತ್ತಲೇ ಸೋಂಕು ತಗುಲಿತು. 1897ರ ಫೆಬ್ರವರಿ 9ರಂದು ತೀರಿಕೊಂಡರು. ಆಗ ಅವರಿಗೆ 50 ಕೂಡ ತುಂಬಿರಲಿಲ್ಲ. ಸುಮಾರು ಒಂದು ತಿಂಗಳ ಮೇಲೆ, ಮಾರ್ಚ್ 10ರಂದು, ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ಕೂಡ ಪ್ಲೇಗಿನ ರೋಗಿಗಳ ಸೇವೆ ಮಾಡುತ್ತಲೇ ಅದೇ ರೋಗಕ್ಕೆ ಬಲಿಯಾದರು.

ಅದೇ 1897ರ ಆಗಸ್ಟಿನಲ್ಲಿ ಇಂಗ್ಲೆಂಡ್ ತನ್ನ ಕಾರ್ಮಿಕರ ಪರಿಹಾರ ಕಾನೂನನ್ನು ಮಾಡಿತು. ತಪ್ಪು ಯಾರದ್ದೆಂದು ಕೇಳದೆ ಪರಿಹಾರ ಕೊಡುವ ತತ್ವ ಅಲ್ಲಿ ಒಪ್ಪಿತವಾಯಿತು. ಆಳುವ ದೇಶದಲ್ಲಿ ಬಂದದ್ದು ಆಳಿಸಿಕೊಳ್ಳುವ ದೇಶಕ್ಕೆ ಬರಲು ಇನ್ನೂ 26 ವರ್ಷ ಬೇಕಾಯಿತು. ವರ್ಕ್‌ಮೆನ್ಸ್ ಕಾಂಪೆನ್ಸೇಷನ್ ಕಾಯಿದೆ ಭಾರತದಲ್ಲಿ 1923ರಲ್ಲಿ ಅಂಗೀಕಾರವಾಗಿ 1924ರ ಜುಲೈ 1ರಿಂದ ಜಾರಿಗೆ ಬಂತು. ಸಂಬಳ ಕೈಸೇರುವ ಗಡುವಿನ ಕಾಯಿದೆ 1936ರಲ್ಲಿ ಬಂತು. ಕೆಲಸದ ಅವಧಿ ಹಂತಹಂತವಾಗಿ ಇಳಿದು 1948ರ ಕಾರ್ಖಾನೆ ಕಾಯಿದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗೆ ನಿಂತಿತು. ಮೊದಲ ನಾಲ್ಕು ಬೇಡಿಕೆಗಳಲ್ಲಿ ಲೋಖಂಡೆ ಕೇಳಿದಷ್ಟು ಅಥವಾ ಅದಕ್ಕಿಂತ ಹೆಚ್ಚೇ ಕಾನೂನಿನಲ್ಲಿ ಸಿಕ್ಕಿದೆ.

ಐದನೆಯದು ಎಲ್ಲಿಗೆ ಬಂತು? 1923ರ ಕಾಯಿದೆಯಿಂದ ದೊಡ್ಡದೊಂದು ಗೋಡೆ ಬಿತ್ತು ಎನ್ನುವುದು ನಿಜ. ಕೆಲಸದಿಂದಾಗಿ, ಕೆಲಸದ ಹೊತ್ತಿನಲ್ಲಿ ಆದ ಗಾಯ ಎಂದು ತೋರಿಸಿದರೆ ಸಾಕು. ಮಾಲೀಕರ ತಪ್ಪನ್ನು ಸಾಬೀತು ಮಾಡಬೇಕಿಲ್ಲ. ಗುತ್ತಿಗೆದಾರನ ಕೈಕೆಳಗೆ ದುಡಿಯುವವನು ಕೆಲಸ ಮಾಡಿಸುವ ಮೂಲ ಮಾಲೀಕರಿಂದಲೇ ಪರಿಹಾರ ಕೇಳಬಹುದು. ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ವಯಸ್ಸು, ಸಂಬಳ ನೋಡಿ ಲೆಕ್ಕ ಹಾಕುವ ಸೂತ್ರವಿದೆ. ಆದರೆ ಕೆಲವು ತಿಂಗಳು ಹಾಸಿಗೆ ಹಿಡಿದವನಿಗೆ ಸಿಗುವುದು ಸಂಬಳದ ಅರ್ಧ ಮಾತ್ರ. ಗಾಯ 28 ದಿನದೊಳಗೆ ಗುಣವಾದರೆ ಮೊದಲ ಮೂರು ದಿನಕ್ಕೆ ಏನೂ ಇಲ್ಲ. 2020ರಲ್ಲಿ ಈ ಲೆಕ್ಕಕ್ಕೆ ಹಿಡಿಯುವ ತಿಂಗಳ ಸಂಬಳದ ಮಿತಿಯನ್ನು 15,000 ರೂಪಾಯಿ ಎಂದು ಗೊತ್ತುಮಾಡಲಾಯಿತು. ಆ ಪ್ರಕಾರ 25,000 ದುಡಿಯುವ ಗಾರೆ ಮೇಸ್ತ್ರಿಯ ಕಾಲ ಮೇಲೆ ಕಬ್ಬಿಣದ ಸರಳು ಬಿದ್ದರೆ ತಿಂಗಳಿಗೆ ಬರುವುದು 7,500. ಇಎಸ್ಐ ಇರುವವರಿಗೆ ಸ್ಥಿತಿ ವಾಸಿ, ಸಂಬಳದ ಶೇಕಡ 90 ಸಿಗುತ್ತದೆ. ಅದೂ ಪೂರ್ತಿಯಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಹಳೆಯ ಕಾಯಿದೆಗಳು ಒಂದಾಗಿದ್ದರೂ ಆ ಅರ್ಧ ಸಂಬಳದ ಸೂತ್ರ ಹಾಗೆಯೇ ಉಳಿದಿದೆ. ಗುಣವಾಗುವವರೆಗೆ ಪೂರ್ತಿ ಸಂಬಳ ಎಂಬ 1884ರ ಮಾತು ಇನ್ನೂ ಅರ್ಧ ದಾರಿಯಲ್ಲಿದೆ.

2005ರಲ್ಲಿ ಲೋಖಂಡೆಯವರ ಅಂಚೆಚೀಟಿ ಬಂತು. ಪರೇಲ್‌ನಲ್ಲಿರುವ ಮಹಾರಾಷ್ಟ್ರ ಸರಕಾರದ ಕಾರ್ಮಿಕ ಅಧ್ಯಯನ ಸಂಸ್ಥೆಗೆ ಅವರ ಹೆಸರಿದೆ. ಇವೆಲ್ಲ ಆಗಬೇಕಾದದ್ದೇ. ಆದರೆ ನಾವಿರುವ ಮುಂಬೈ, ಪುಣೆಗಳಲ್ಲಿ ಏಳುತ್ತಿರುವ ಕಟ್ಟಡಗಳ ಕೆಳಗೆ ನಿಂತು ಕಿವಿಗೊಟ್ಟರೆ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ ಕೇಳುತ್ತದೆ. ಅವರ ತಲೆಯ ಮೇಲೆ ಇಟ್ಟಿಗೆ, ಸರಳು, ಹಲಗೆಗಳು ತೂಗುತ್ತಿರುತ್ತವೆ. ಗಾಯವಾದರೆ ಮುಕಾದಮ ನಾಲ್ಕು ಕಾಸು ಕೊಟ್ಟು ಊರಿನ ಬಸ್ಸು ಹತ್ತಿಸುವುದು ಇಂದಿಗೂ ನಿಂತಿಲ್ಲ. ಬಸ್ಸು ಹತ್ತುವ ಮುಂಚೆ ಅವರಿಗೆ ಯಾರಾದರೂ ಕನ್ನಡದಲ್ಲಿ ನಾಲ್ಕು ಮಾತು ಹೇಳಬೇಕು: ಆಸ್ಪತ್ರೆಯ ಚೀಟಿ, ಎಕ್ಸ್‌ರೇ ಇಟ್ಟುಕೊಳ್ಳಿ, ಕೆಲಸ ಎಲ್ಲಿ, ಯಾರದ್ದು ಎಂದು ಬರೆದಿಟ್ಟುಕೊಳ್ಳಿ, ಅರ್ಜಿ ಹಾಕಲು ಎರಡು ವರ್ಷದ ಅವಧಿಯಿದೆ, ಗುತ್ತಿಗೆದಾರ ಕೈಯೆತ್ತಿದರೂ ಕಟ್ಟಡದ ಮಾಲೀಕರನ್ನು ಕೇಳಬಹುದು. ಅಕ್ಷರ ಬಾರದ ಸಾವಿರಾರು ಜನರ ಬೇಡಿಕೆಯನ್ನು ಲೋಖಂಡೆ ಕಾಗದಕ್ಕೆ ಇಳಿಸಿದರು. ಇವತ್ತು ನಮ್ಮೂರಿನವರೊಬ್ಬರಿಗೆ ಒಂದು ಅರ್ಜಿ ಬರೆದುಕೊಡುವಷ್ಟು ಅಕ್ಷರ ನಮ್ಮೆಲ್ಲರ ಹತ್ತಿರವೂ ಇದೆ.